ಚಳಿಗಾಲಕ್ಕೆ ನಮ್ಮ ಪರ್ವತಾರೋಹಣ ಕ್ಲಬ್ ಏನು ಮಾಡಬಹುದು? ಹೋಗಿ ಬಂದವರು ಹೇಳಿ

ಪ್ರಶ್ನೆ (ದಾವಣಗೆರೆ)

ನಮ್ಮೂರಲ್ಲಿ ಒಂದು ಪುಟ್ಟ ಪರ್ವತಾರೋಹಣ ಕ್ಲಬ್ ಇದೆ. ಹೆಸರು ದೊಡ್ಡದು, ಮಾಡೋದು ಚಾರಣ. ಒಟ್ಟು 22 ಜನ. ಎಲ್ಲರಿಗಿಂತ ಚಿಕ್ಕವನಿಗೆ 19, ಹಿರಿಯರೊಬ್ಬರಿಗೆ 57. ಕುಮಾರ ಪರ್ವತ, ಕುದುರೆಮುಖ, ತಡಿಯಂಡಮೋಳ್ ಎಲ್ಲ ಆಗಿದೆ. ಹಿಮದಲ್ಲಿ ನಡೆದ ಅನುಭವ ಇಬ್ಬರಿಗೆ ಮಾತ್ರ. ಈ ಸಲ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಸರಿಯಾದ ಒಂದು ಕಾರ್ಯಕ್ರಮ ಹಾಕೋಣ ಅಂತಿದ್ದೇವೆ. ಹುಡುಗರು "ಹಿಮ ನೋಡ್ಲೇಬೇಕು" ಅಂತ ಹಟ ಹಿಡಿದಿದ್ದಾರೆ. ಕ್ರಿಸ್‌ಮಸ್ ರಜೆಯಲ್ಲಿ 22 ಜನರನ್ನೂ ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಕರೆದುಕೊಂಡು ಹೋಗಬಹುದಾ? ಉಳಿದ ವಾರಾಂತ್ಯಗಳಲ್ಲಿ ಏನು ಮಾಡೋದು? ಬೈದರೂ ಪರವಾಗಿಲ್ಲ, ಅನುಭವ ಹೇಳಿ.

ಬೆಂಗಳೂರಿನಿಂದ, ಹನ್ನೊಂದು ವರ್ಷದಿಂದ ಒಂದು ಕ್ಲಬ್ ನಡೆಸುತ್ತಿರುವವರು

ಬೈಯಲ್ಲ. ಆದರೆ 22 ಜನ ಬೇಡ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ನಾವು ಮೊದಲ ಸಲ ಕೇದಾರಕಂಠಕ್ಕೆ ಹೋದಾಗ 16 ಜನ ಇದ್ದೆವು. ಹಿಮ ಗೊತ್ತಿದ್ದವರು ನಾನು ಮತ್ತು ಇನ್ನೊಬ್ಬ ಗೆಳೆಯ, ಇಬ್ಬರೇ. ಜೊತೆಗೆ ಊರಿನ ಒಬ್ಬ ಗೈಡ್. ಲೆಕ್ಕ ಸರಿ ಇದೆ ಅಂದುಕೊಂಡಿದ್ದೆ. ಮೊದಲ ಎರಡು ದಿನ ಎಲ್ಲ ಚೆನ್ನಾಗಿತ್ತು. ಜೂಡಾ ಕಾ ತಾಲಾಬ್ ಹತ್ತಿರ ಟೆಂಟ್ ಹಾಕಿ, ಹೆಪ್ಪುಗಟ್ಟಿದ ಕೆರೆ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಂಡೆವು.

ಶಿಖರಕ್ಕೆ ಹೊರಡೋದು ರಾತ್ರಿ ಮೂರು ಗಂಟೆಗೆ. ಆ ಹೊತ್ತಲ್ಲಿ ಬೂಟಿಗೆ ಸ್ಪೈಕ್ (ಹಿಮದಲ್ಲಿ ಜಾರದ ಹಾಗೆ ರಬ್ಬರ್ ಪಟ್ಟಿಯಿಂದ ಸಿಕ್ಕಿಸುವ ಮುಳ್ಳುಗಳು) ಹಾಕಿಕೊಳ್ಳೋದೇ ಒಂದು ಯುದ್ಧ. ಗ್ಲೌಸ್ ಹಾಕಿಕೊಂಡರೆ ರಬ್ಬರ್ ಹಿಡಿತಕ್ಕೆ ಸಿಗಲ್ಲ. ಗ್ಲೌಸ್ ತೆಗೆದರೆ ಎರಡು ನಿಮಿಷದಲ್ಲಿ ಬೆರಳು ನನ್ನದಲ್ಲ ಅನ್ನಿಸುತ್ತೆ. ಒಬ್ಬೊಬ್ಬರಿಗೂ ನಾನೇ ಕೂತು ಹಾಕಿಕೊಟ್ಟೆ. ಕೊನೆಯವರದು ಮುಗಿಯೋ ಹೊತ್ತಿಗೆ ಮೊದಲು ರೆಡಿಯಾದವರು ನಲವತ್ತು ನಿಮಿಷ ನಿಂತು ನಡುಗ್ತಾ ಇದ್ದರು. ತಪ್ಪು ಆಗಲೇ ಶುರುವಾಗಿತ್ತು, ನನಗೆ ಗೊತ್ತಾಗಲಿಲ್ಲ.

ನಮ್ಮಲ್ಲಿ ಒಬ್ಬ ಹುಡುಗ ಇದ್ದ. ಹತ್ತು ಕಿಲೋಮೀಟರ್ ಓಟ ಸಲೀಸಾಗಿ ಓಡುವವನು. ಬೆಚ್ಚಗಿರಲಿ ಅಂತ ಮೂರು ಜೊತೆ ಸಾಕ್ಸ್ ತುರುಕಿ ಲೇಸ್ ಬಿಗಿದುಕೊಂಡಿದ್ದ. ಅಷ್ಟು ಬಿಗಿದರೆ ರಕ್ತ ಓಡಲ್ಲ, ಕಾಲು ಇನ್ನೂ ಜಾಸ್ತಿ ತಣ್ಣಗಾಗುತ್ತೆ. ದಾರಿ ತುಂಬ ಜೋಕ್ ಹೇಳ್ತಿದ್ದವನು ಮೌನ ಆದ. ಸುಸ್ತಾಗಿರಬೇಕು ಅಂದುಕೊಂಡೆ. ಮುಕ್ಕಾಲು ದಾರಿ ಆದಮೇಲೆ ನೀರು ಕುಡಿಯಲು ನಿಂತೆವು. ಅವನು ಒಂದು ಗ್ಲೌಸ್ ತೆಗೆದ, ಅದು ಕೈಯಿಂದ ಬಿತ್ತು, ಇಳಿಜಾರಲ್ಲಿ ನಿಧಾನಕ್ಕೆ ಜಾರತೊಡಗಿತು. ಕಾಲು ಚಾಚಿದ್ದರೆ ಸಿಗುತ್ತಿತ್ತು. ಅವನು ಸುಮ್ನೆ ಅದನ್ನೇ ನೋಡ್ತಾ ನಿಂತಿದ್ದ. ನನ್ನ ಎದೆ ಧಸಕ್ಕೆಂದಿತು. ಚಳಿಗೆ ಮೈ ತೀರಾ ತಣ್ಣಗಾದರೆ ಬುದ್ಧಿ ಹೀಗೆ ಮಂಕಾಗುತ್ತೆ.

ಅವನನ್ನು ತಕ್ಷಣ ಕೆಳಗೆ ಇಳಿಸಬೇಕಿತ್ತು. ಗೆಳೆಯ ಅವನ ಜೊತೆ ಇಳಿದರೆ ಉಳಿದ 13 ಜನಕ್ಕೆ ನಾನು ಮತ್ತು ಗೈಡ್. ಅವರಲ್ಲಿ ಇನ್ನೊಬ್ಬರಿಗೆ ತಲೆನೋವು ಅಂತ ಆಗಲೇ ಗೊತ್ತಿತ್ತು. ಎಲ್ಲರನ್ನೂ ವಾಪಸ್ ತಿರುಗಿಸಿದೆ. ಶಿಖರ ಕಣ್ಣೆದುರಿಗೇ ಇತ್ತು, ಇನ್ನೊಂದು ಗಂಟೆಯ ದಾರಿ. ಹುಡುಗ ಕೆಳಗೆ ಇಳಿದು ಬಿಸಿ ಸೂಪ್ ಕುಡಿದು ಮಧ್ಯಾಹ್ನಕ್ಕೆ ಸರಿಯಾದ. ಕ್ಲಬ್ ಸರಿಯಾಗಲು ಆರು ತಿಂಗಳು ಬೇಕಾಯಿತು. "ಒಬ್ಬನಿಗೋಸ್ಕರ ನಮ್ಮ ದುಡ್ಡೆಲ್ಲ ಹಾಳು" ಅಂತ ಡೆಹ್ರಾಡೂನ್‌ವರೆಗೂ ಗಾಡಿಯಲ್ಲಿ ಜಗಳ.

ಆಮೇಲಿಂದ ನಮ್ಮ ನಿಯಮ ಇಷ್ಟೇ. ಹಿಮ ಕಂಡ ಒಬ್ಬರಿಗೆ ಹೊಸಬರು ನಾಲ್ಕೇ ಜನ. ಒಬ್ಬರು ಇಳಿದರೂ ಮಿಕ್ಕವರ ಜೊತೆ ಒಬ್ಬ ಅನುಭವಿ ಇರಲೇಬೇಕು. "ವಾಪಸ್" ಅನ್ನೋ ಮಾತು ಯಾರ ಬಾಯಿಂದ ಬಂದರೆ ಕೊನೆ ಅನ್ನೋದು ಊರಲ್ಲೇ ತೀರ್ಮಾನ ಆಗಿರುತ್ತೆ, ಎಲ್ಲರೂ ಸಹಿ ಹಾಕಿರುತ್ತಾರೆ. ನಿಮ್ಮಲ್ಲಿ ಅನುಭವ ಇರುವವರು ಇಬ್ಬರು ಅಂದಿರಿ. ಅಂದರೆ ಎಂಟು ಹೊಸಬರು, ಅದೂ ಜಾಸ್ತಿಯೇ.

ಕೇದಾರಕಂಠ ಸುಲಭ ಅಂತ ಎಲ್ಲರೂ ಹೇಳ್ತಾರೆ. ದಾರಿ ಸುಲಭ, ನಿಜ. ಆದರೆ ಎತ್ತರ ಸುಮಾರು 12,500 ಅಡಿ. ಒಂದೊಂದು ಉಸಿರಿಗೆ ಸಿಗೋ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗೋದರ ಮೂರನೇ ಎರಡು ಪಾಲೂ ಇಲ್ಲ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಇದು ಅದರ ಹೆಚ್ಚುಕಡಿಮೆ ಎರಡರಷ್ಟು.

ಇನ್ನೊಂದು ಮಾತು, ಹೆದರಿಸೋಕಲ್ಲ. 2024ರ ಜೂನ್‌ನಲ್ಲಿ ಉತ್ತರಕಾಶಿಯ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ ಕರ್ನಾಟಕದ ತಂಡ ಹಿಮಗಾಳಿಗೆ ಸಿಕ್ಕಿಕೊಂಡು 9 ಜನ ತೀರಿಕೊಂಡರು. ಅದು ಜೂನ್. ಚಳಿಗಾಲವೂ ಅಲ್ಲ.

ಧಾರವಾಡದಿಂದ, ಬಂಡೆ ಹತ್ತುವ ಹುಚ್ಚಿನವಳು

ಎಲ್ಲರೂ ಹಿಮ ಹಿಮ ಅಂತೀರಿ. ಚಳಿಗಾಲದಲ್ಲಿ ದೇಶದ ಬೇರೆ ಬೇರೆ ಕಡೆಯಿಂದ, ವಿದೇಶದಿಂದಲೂ ಹತ್ತುವವರು ನಮ್ಮ ಬಾದಾಮಿಗೆ ಬರ್ತಾರೆ. ನಾವು ಬಾದಾಮಿ ಬಿಟ್ಟು ಎಲ್ಲಿಗೋ ಹೋಗ್ತೀವಿ. ನಿಮ್ಮೂರಿಂದ ರಾತ್ರಿ ಹೊರಟರೆ ಬೆಳಗಾಗೋದರೊಳಗೆ ಅಲ್ಲಿರ್ತೀರಿ.

ಏಪ್ರಿಲ್‌ನಲ್ಲಿ ಆ ಕೆಂಪು ಕಲ್ಲು ಮುಟ್ಟಿ ನೋಡಿ, ಹಂಚು ಮುಟ್ಟಿದ ಹಾಗಿರುತ್ತೆ. ಬೆವರಿಗೆ ಬೆರಳು ಜಾರುತ್ತೆ. ಡಿಸೆಂಬರ್, ಜನವರಿಯಲ್ಲಿ ಅದೇ ಕಲ್ಲು ಬೆರಳನ್ನು ಕಚ್ಚಿ ಹಿಡಿಯುತ್ತೆ. ಹಗ್ಗ ಸಿಕ್ಕಿಸೋಕೆ ಬೋಲ್ಟ್ ಹೊಡೆದ ದಾರಿಗಳು ಬೇಕಾದಷ್ಟಿವೆ, ಹೊಸಬರಿಗೆ ಸುಲಭದವೂ ಇವೆ. ಗುಹೆ, ದೇವಸ್ಥಾನದ ಹತ್ತಿರ ಮಾತ್ರ ಕೈ ಹಚ್ಚಬೇಡಿ, ಅದು ಪುರಾತತ್ವ ಇಲಾಖೆಯದ್ದು. ಅಕಾಲಿಕ ಮಳೆ ಬಂದರೆ ಕಲ್ಲು ಪೂರ್ತಿ ಒಣಗೋವರೆಗೂ ಕಾಯಿರಿ. ಮರಳುಗಲ್ಲು ನೀರು ಕುಡಿದರೆ ಮೆತ್ತಗಾಗುತ್ತೆ, ಹಿಡಿದ ಅಂಚೇ ಕೈಗೆ ಬಂದುಬಿಡಬಹುದು. ಬಂಡೆ ಗೊತ್ತಿರುವ ಒಬ್ಬ ತರಬೇತುದಾರ ಇಲ್ಲದೆ ಹಗ್ಗ ಕಟ್ಟಬೇಡಿ.

ಮೊದಲ ದಿನ ಯಾರನ್ನೂ ಹತ್ತಿಸಬೇಡಿ. ಎಂಟರ ಗಂಟು ಮತ್ತು ಬಿಲೇ, ಇಷ್ಟೇ ಕಲಿಸಿ. ಎಂಟರ ಗಂಟು ಅಂದರೆ ಸೊಂಟಕ್ಕೆ ಕಟ್ಟುವ ಹಾರ್ನೆಸ್ ಪಟ್ಟಿಗೆ ಹಗ್ಗವನ್ನು 8ರ ಆಕಾರದಲ್ಲಿ ಬಿಗಿಯೋದು. ಬಿಲೇ ಅಂದರೆ ಹತ್ತುವವರ ಹಗ್ಗ ಕೆಳಗಿನಿಂದ ಹಿಡಿದು ಕಾಯೋದು. ನಾನು ಆರಂಭದಲ್ಲಿ ಒಮ್ಮೆ ಹಾರ್ನೆಸ್‌ನ ಗಂಟು ಅರ್ಧ ಹಾಕಿ, ಯಾರೋ ಮಾತಾಡಿಸಿದರು ಅಂತ ತಿರುಗಿ, ಹಾಗೇ ಬಂಡೆಗೆ ಕೈ ಇಟ್ಟಿದ್ದೆ. ಕೆಳಗಿದ್ದ ಹುಡುಗಿ "ಅಕ್ಕಾ, ಗಂಟು ತೋರ್ಸು" ಅಂದಳು. ಅಂದಿನಿಂದ ಆ ಮೂರು ಮಾತು ಹೇಳದೆ ನಮ್ಮಲ್ಲಿ ಯಾರೂ ನೆಲ ಬಿಡಲ್ಲ. 57ರ ಆ ಹಿರಿಯರನ್ನೂ ಕರೆತನ್ನಿ, ಬಿಲೇಗೆ ಅಂಥವರೇ ಬೇಕು, ಮೊಬೈಲ್ ನೋಡಲ್ಲ.

ಬುತ್ತಿಯನ್ನು ಮಂಗಗಳಿಂದ ಕಾಯೋಕೆ ಒಬ್ಬರನ್ನು ನೇಮಿಸಿ. ತಮಾಷೆ ಅಲ್ಲ. ನಮ್ಮ ಜಿಪ್ ಹಾಕಿದ ಬ್ಯಾಗನ್ನೇ ಬಿಚ್ಚಿದ್ದವು. ಸಂಜೆ ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಕೇದಾರಕಂಠದಲ್ಲಿ ಇದು ಸಿಗುತ್ತಾ?

ಡೆಹ್ರಾಡೂನ್‌ನಲ್ಲಿ ಕೆಲಸ ಮಾಡುವ ಹುಬ್ಬಳ್ಳಿಯವರು

ಹೋಗೋದೇ ಆದರೆ ಕ್ರಿಸ್‌ಮಸ್ ವಾರ ಬಿಡಿ. ಅಷ್ಟೊತ್ತಿಗೆ ಶಿಖರದ ಕೆಳಗೆ ತಿರುಪತಿ ಕ್ಯೂ ಇರುತ್ತೆ, ಒಂದೇ ಜಾಗದಲ್ಲಿ ನಿಂತು ಮೈ ತಣ್ಣಗಾಗುತ್ತೆ. ಕೆಲವು ವರ್ಷ ಡಿಸೆಂಬರ್‌ನಲ್ಲಿ ಹಿಮವೇ ಇರಲ್ಲ, ಬರೀ ಒಣಹುಲ್ಲು. ಜನವರಿ ಕೊನೆ ಅಥವಾ ಫೆಬ್ರವರಿ ನೋಡಿ.

ಡೆಹ್ರಾಡೂನ್‌ನಿಂದ ಚಾರಣ ಶುರುವಾಗುವ ಹಳ್ಳಿ ಸಾಂಕ್ರಿ ಸುಮಾರು 200 ಕಿಲೋಮೀಟರ್. ನಮ್ಮ ಕಡೆ ಲೆಕ್ಕದಲ್ಲಿ ನಾಲ್ಕು ಗಂಟೆ, ಇಲ್ಲಿ ಒಂದು ಹಗಲು. ದಾರಿಯಲ್ಲಿ ಸಿಗುವ ಪುರೋಲಾದಲ್ಲೇ ದುಡ್ಡು ತೆಗೆದಿಟ್ಟುಕೊಳ್ಳಿ. ಮೋರಿ ದಾಟಿದ ಮೇಲೆ ಫೋನ್ ನೆಚ್ಚಿಕೊಳ್ಳಬೇಡಿ, ಮನೆಯವರಿಗೆ ಮೊದಲೇ ಹೇಳಿಬಿಡಿ. ಆ ಕಾಡು ಗೋವಿಂದ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು, ಪರವಾನಗಿ ಬೇಕು. ವಾಪಸ್ ಟಿಕೆಟ್‌ಗೆ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಹಿಮ ಬಿದ್ದು ರಸ್ತೆ ಮುಚ್ಚಿದರೆ ವಿಮಾನ ನಿಮಗೋಸ್ಕರ ಕಾಯಲ್ಲ.

ಅಡುಗೆಯ ಗ್ಯಾಸ್ ಡಬ್ಬಿ ಊರಿಂದ ತರಬೇಡಿ, ವಿಮಾನದಲ್ಲಿ ಬಿಡಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು.

ಮೈಸೂರಿನಿಂದ, ಚಾರಣ ಮಾಡುವ ವೈದ್ಯೆ

ಆ 57ರವರನ್ನು ವಯಸ್ಸಿನ ಕಾರಣಕ್ಕೆ ಬಿಡಬೇಡಿ, 19ರವನನ್ನು ವಯಸ್ಸಿನ ಕಾರಣಕ್ಕೆ ನಂಬಬೇಡಿ. ಎತ್ತರದ ಕಾಯಿಲೆ ಫಿಟ್‌ನೆಸ್ ನೋಡಿ ಬರಲ್ಲ. ಗಟ್ಟಿಮುಟ್ಟಾದವರು ಬೇಗ ಬೇಗ ಹತ್ತಿ ಹೆಚ್ಚು ಸಿಕ್ಕಿಕೊಳ್ಳೋದನ್ನು ನೋಡಿದ್ದೇನೆ. ತಲೆನೋವಿನ ಜೊತೆ ವಾಕರಿಕೆ, ಊಟ ಬೇಡ ಅನ್ನೋದು ಬಂದರೆ ಮೇಲೆ ಹೋಗಬಾರದು. ಅನುಮಾನ ಬಂದರೆ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಸಿ. ತೂರಾಡಿದರೆ, ಅಥವಾ ಸುಮ್ನೆ ಕೂತಿದ್ದಾಗಲೂ ಏದುಸಿರು ಬಂದರೆ, ಬೆಳಗಾಗಲಿ ಅಂತ ಕಾಯದೆ ಆಗಲೇ ಕೆಳಗೆ ಇಳಿಸಿ. ಎತ್ತರದ ಕಾಯಿಲೆಗೆ ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ಚಾಕೊಲೇಟ್ ಹಂಚಿದ ಹಾಗೆ ಹಂಚಬೇಡಿ, ಸಲ್ಫಾ ಅಲರ್ಜಿ ಇದ್ದವರಿಗೆ ತೊಂದರೆ ಆಗಬಹುದು. ಪ್ರತಿಯೊಬ್ಬರೂ ತಮ್ಮ ಡಾಕ್ಟರನ್ನು ಕೇಳಿ ಬರಲಿ.

ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಅನ್ನು ಬ್ಯಾಗಲ್ಲಿ ಇಡಬಾರದು, ಹೆಪ್ಪುಗಟ್ಟಿದರೆ ಮುಗೀತು. ಬಟ್ಟೆಯೊಳಗೆ, ಮೈಗೆ ಹತ್ತಿರ ಇರಲಿ. ತಣ್ಣಗಾದರೆ ಸಕ್ಕರೆ ನೋಡುವ ಮಿಷನ್ನೂ ಮುಷ್ಕರ ಹೂಡುತ್ತೆ.

ಶಿರಸಿಯಿಂದ

ಜೀನ್ಸ್ ಹಾಕಿಕೊಂಡು ಬಂದವರನ್ನು ದಾವಣಗೆರೆ ಸ್ಟೇಷನ್‌ನಿಂದಲೇ ಮನೆಗೆ ಕಳಿಸಿ. ಹತ್ತಿ ಬಟ್ಟೆ ಒದ್ದೆಯಾದರೆ ಒಣಗಲ್ಲ.

ಕೊಬ್ಬರಿ ಎಣ್ಣೆ ಬಾಟಲಿ ತಗೊಂಡು ಹೋಗಿದ್ದೆ, ಮೂರು ದಿನ ಕಲ್ಲಾಗಿ ಕೂತಿತ್ತು. ಅಮ್ಮ ಕೊಟ್ಟ ಹೋಳಿಗೆಯನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟು ಬೆಚ್ಚಗೆ ಮಾಡಿ ತಿಂದೆವು. ಶೇಂಗಾ ಚಿಕ್ಕಿ ಮಾತ್ರ ಬೇಡ, ಆ ಚಳಿಗೆ ನನ್ನ ಹಲ್ಲಿನ ತುಂಡೇ ಹೋಯ್ತು. ಚಟ್ನಿಪುಡಿ ಮರೀಬೇಡಿ. ಮೂರನೇ ದಿನದ ದಾಲ್ ಚಾವಲ್‌ಗೆ ಅದೇ ಗತಿ. ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಡಿ, ನೀರು ಮೇಲಿನಿಂದ ಹೆಪ್ಪುಗಟ್ಟುತ್ತೆ, ಮುಚ್ಚಳ ಅಂಟಲ್ಲ.

ಬೆಳಗಾವಿಯಿಂದ, ನಿವೃತ್ತರು

ನನ್ನ ಮಾತು ಬೇರೆ. ಈ ವರ್ಷ ಹಿಮಕ್ಕೆ ಖರ್ಚು ಮಾಡುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿ, ಇಬ್ಬರು ಹುಡುಗರನ್ನು ತರಬೇತಿಗೆ ಕಳಿಸಿ. ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆ 1965ರಿಂದ ಇದೆ, ಡಾರ್ಜಿಲಿಂಗ್‌ನದು 1954ರಿಂದ. ಮೂಲ ಕೋರ್ಸ್ ನಾಲ್ಕು ವಾರದ್ದು. ಸೀಟು ಬೇಗ ತುಂಬುತ್ತವೆ, ಈಗಲೇ ಅರ್ಜಿ ಹಾಕಿ. ಕೋರ್ಸ್ ಮುಗಿಸಿ ಬಂದ ಇಬ್ಬರಿದ್ದರೆ ನಿಮ್ಮ ಕ್ಲಬ್ಬಿನ ಹೆಸರು ಸುಳ್ಳಾಗಲ್ಲ. ರಾಜ್ಯದಲ್ಲೇ ಆಗಬೇಕೆಂದರೆ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಬಂಡೆ ಹತ್ತುವ ಶಿಬಿರಗಳನ್ನು ಕೇಳಿ ನೋಡಿ.

ಮತ್ತೆ ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಮೀಟಿಂಗ್ ಆಯ್ತು, ಜೋರು ಗಲಾಟೆಯೂ ಆಯ್ತು. ಕೊನೆಗೆ ಒಪ್ಪಿದ್ದು ಇಷ್ಟು. ಡಿಸೆಂಬರ್‌ನಲ್ಲಿ ಎರಡು ವಾರಾಂತ್ಯ ಬಾದಾಮಿ, 22 ಜನವೂ. ಜನವರಿಯಲ್ಲಿ ಕುಮಾರ ಪರ್ವತ, ಬೆನ್ನಿಗೆ ಹತ್ತು ಕೆಜಿ ಹೊರೆ ಹೊತ್ತು. 2024ರ ಜನವರಿಯ ಅಲ್ಲಿ ಆದ ನೂಕುನುಗ್ಗಲಿನ ನಂತರ ಆನ್‌ಲೈನ್ ಬುಕಿಂಗ್ ಇಲ್ಲದೆ ಬಿಡಲ್ಲವಲ್ಲ, ಅದನ್ನು ಮೊದಲೇ ಮಾಡ್ತೀವಿ. ಹೊರೆ ಹೊತ್ತು ಸಲೀಸಾಗಿ ಇಳಿದವರಲ್ಲಿ ಆರು ಹೊಸಬರು, ಜೊತೆಗೆ ಹಳಬರಿಬ್ಬರು, ಫೆಬ್ರವರಿ ಮೊದಲ ವಾರ ಕೇದಾರಕಂಠ. "ವಾಪಸ್" ಹೇಳೋ ಅಧಿಕಾರ ಹಳಬರಿಬ್ಬರಲ್ಲಿ ಯಾರಿಗಾದರೂ ಇದೆ, ಚರ್ಚೆ ಇಲ್ಲ. 57ರವರು ಹಿಮ ಬೇಡ ಅಂದರು, ಬಾದಾಮಿಯಲ್ಲಿ ಬಿಲೇ ಕಲಿಯುವ ಖುಷಿಯಲ್ಲಿದ್ದಾರೆ.

ಒಂದು ಚಿಕ್ಕ ಪ್ರಶ್ನೆ ಉಳಿಯಿತು. ಬೂಟಿನೊಳಗೆ ಹಿಮ ಹೋಗದ ಹಾಗೆ ಕಟ್ಟುವ ಗೇಟರ್ ಎಂಟು ಜೊತೆ ಬೇಕು. ಕೊಳ್ಳಬೇಕಾ, ಬಾಡಿಗೆಗೆ ಸಿಗುತ್ತಾ?

ಬೆಂಗಳೂರಿನವರು

ಕೊಳ್ಳಬೇಡಿ, ಸಾಂಕ್ರಿಯಲ್ಲೇ ಬಾಡಿಗೆಗೆ ಸಿಗುತ್ತೆ. ಆದರೆ ನನ್ನ ಹತ್ತಿರ ನಾಲ್ಕು ಜೊತೆ ಇವೆ, ಬಸ್ಸಿಗೆ ಹಾಕಿ ಕಳಿಸ್ತೀನಿ. ಒಂದರ ಜಿಪ್ ಕೆಟ್ಟಿದೆ, ನಿಮ್ಮೂರಲ್ಲಿ ಯಾರಾದರೂ ಟೈಲರ್ ಹತ್ತಿರ ಹಾಕಿಸಿಬಿಡಿ. ಸ್ಪೈಕ್ ಹಾಕೋದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ. ಗ್ಲೌಸ್ ಹಾಕಿಕೊಂಡು, ಲೈಟ್ ಆರಿಸಿ, ಹೆಡ್‌ಟಾರ್ಚ್ ಬೆಳಕಲ್ಲಿ. ಎರಡೂ ಕಾಲಿಗೆ ಮೂರು ನಿಮಿಷ ಮೀರಬಾರದು.