ಸಹಾಯ ಬೇಕು: ತೋಟದ ಕೆಲಸಕ್ಕೆ ಮಡಚುವ ಚಾಕು, ಯಾವ ಉಕ್ಕು ಒಳ್ಳೆಯದು?

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಡಿಕೆ ತೋಟ. ಕಿಸೆಯಲ್ಲಿಟ್ಟುಕೊಂಡು ದಿನವಿಡೀ ಬಳಸುವಂಥ ಗಟ್ಟಿಮುಟ್ಟಾದ ಮಡಚುವ ಚಾಕು ಬೇಕು. ಹುರಿಹಗ್ಗ, ಡ್ರಿಪ್ ಪೈಪು, ಗೊಬ್ಬರದ ಚೀಲ, ಹಸಿ ಅಡಿಕೆ ಎಲ್ಲದಕ್ಕೂ ಅದೇ.

ನನ್ನ ಬಜೆಟ್‌ಗೆ ಡಿ2 ಮತ್ತು 14ಸಿ28ಎನ್ ಉಕ್ಕಿನವು ಸಿಗುತ್ತಿವೆ. ಡಿ2ನಲ್ಲಿ ಇಂಗಾಲ ಸುಮಾರು 1.5%. ಹರಿತ ಜಾಸ್ತಿ ದಿನ ನಿಲ್ಲುತ್ತದೆ, ನಿಜ. ಕ್ರೋಮಿಯಂ ಕೂಡ 12%ರ ಹತ್ತಿರ ಇದೆ. ಆದರೆ ಅದರಲ್ಲಿ ಒಳ್ಳೆಯ ಪಾಲು ಇಂಗಾಲದ ಜೊತೆ ಸೇರಿ ಕಾರ್ಬೈಡ್ ಎಂಬ ಗಟ್ಟಿ ಕಣಗಳಾಗಿಬಿಡುತ್ತದೆ, ತುಕ್ಕು ತಡೆಯಲು ಉಳಿಯುವುದು ಕಡಿಮೆ. ನಮ್ಮ ಮಳೆಗಾಲ ಗೊತ್ತಲ್ವಾ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಸೆಯೇ ಒಣಗುವುದಿಲ್ಲ. ಮೇಲಿಂದ ಅಡಿಕೆ ಚೊಗರು ಬೇರೆ.

14ಸಿ28ಎನ್‌ನಲ್ಲಿ ಇಂಗಾಲ 0.62%, ಕ್ರೋಮಿಯಂ 14%, ಸ್ವಲ್ಪ ಸಾರಜನಕ. ತುಕ್ಕು ಕಡಿಮೆ, ಬಾಯಿ ಸುಲಭಕ್ಕೆ ಚಕ್ಕೆ ಏಳುವುದಿಲ್ಲ, ಸಾಣೆ ಹಿಡಿಯುವುದೂ ಸುಲಭ. ನನ್ನ ಮನಸ್ಸು ಇದರ ಕಡೆಗೇ ಇದೆ.

ಕರಾವಳಿಯಲ್ಲಿ ಡಿ2 ಬಳಸುವವರು ಹೇಳಿ: ದಿನಾ ಒರೆಸಿ ಎಣ್ಣೆ ಹಚ್ಚಿದರೆ ಸಾಕಾಗುತ್ತದಾ? 14ಸಿ28ಎನ್‌ನಲ್ಲಿ ಹಗ್ಗ ಕೊಯ್ದರೆ ಎಷ್ಟು ದಿನಕ್ಕೊಮ್ಮೆ ಸಾಣೆ ಬೇಕು? ಬಿಚ್ಚಿದ ಅಲಗು ಮಡಚಿಕೊಳ್ಳದಂತೆ ಹಿಡಿಯುವ ಲಾಕ್‌ಗಳಲ್ಲಿ, ಕೆಸರು ಸಿಕ್ಕಿಕೊಂಡರೂ ಕೈಕೊಡದ್ದು ಯಾವುದು ಅಂತಲೂ ತಿಳಿಸಿ.