ಒಂದೇ ಹೋಳಿಗೆ, ಮೂರು ಕಡೆ ಮೂರು ಥರ

ಹೂರಣದ ಹುಡುಗಿ:
ಯುಗಾದಿಗೆ ನಮ್ಮ ಚಿಕ್ಕಮ್ಮ ಬೇಳೆ ಹೋಳಿಗೆ ಮಾಡಿದರು. ಮನೆಯವರ ವಾಟ್ಸಾಪ್ ಗ್ರೂಪಿಗೆ ನಾಲ್ಕು ನಿಮಿಷದ ವಾಯ್ಸ್ ನೋಟ್ ಹಾಕಿದರು. ಬೇಳೆ ಎಷ್ಟು ಬೇಯಬೇಕು, ಕಣಕ ಎಷ್ಟು ಹೊತ್ತು ನೆನೆಯಬೇಕು, ನಡುವೆ ಕುಕ್ಕರ್ ಕೂಗಿದ್ದೂ ಕೇಳಿಸುತ್ತದೆ. ಫೇಸ್‌ಬುಕ್‌ನಲ್ಲಿ ಅವರ ಅಜ್ಜಿಯ ಸೌದೆ ಒಲೆ ಬಗ್ಗೆ ಉದ್ದದ ಬರಹ. ಇನ್‌ಸ್ಟಾಗ್ರಾಮ್‌ನಲ್ಲಿ ಅರ್ಧ ನಿಮಿಷದ ರೀಲ್: ಹೋಳಿಗೆ ಉಬ್ಬುತ್ತದೆ, ತುಪ್ಪ ಬೀಳುತ್ತದೆ, ಮುಗೀತು. ಹೇಗೆ ಹಂಚಿಕೊಳ್ಳಬೇಕು ಅಂತ ಆ್ಯಪ್‌ಗಳೇ ನಮಗೆ ಕಲಿಸುತ್ತಿವೆಯಾ?

ಜಗಲಿಕಟ್ಟೆ:
ಇದರಲ್ಲಿ ಹೊಸದೇನಿದೆ? ಮದುವೆ ಮನೆಯಲ್ಲಿ ಮಾತಾಡಿದ ಹಾಗೆ ಬಸ್ ಸ್ಟ್ಯಾಂಡಿನಲ್ಲಿ ಮಾತಾಡುತ್ತೇವಾ? ಎದುರಿಗೆ ಯಾರಿದ್ದಾರೆ ಅನ್ನುವುದೇ ಲೆಕ್ಕ. ಸುಮ್ನೆ ಆ್ಯಪ್ ಮೇಲೆ ಹಾಕಬೇಡಿ.

ಹಳೇ ಆರ್ಕುಟಿಗ:
ಬಸ್ ಸ್ಟ್ಯಾಂಡು ನಿಮ್ಮ ಮಾತನ್ನು ಅರ್ಧಕ್ಕೆ ಕತ್ತರಿಸುವುದಿಲ್ಲ ಸಾರ್. ಈಗ ಎಕ್ಸ್ ಆಗಿರುವ ಟ್ವಿಟರ್ ಕತ್ತರಿಸುತ್ತಿತ್ತು. ಮೊದಮೊದಲು ಟ್ವೀಟ್ ಓಡಾಡುತ್ತಿದ್ದದ್ದು ಎಸ್‌ಎಂಎಸ್‌ನಲ್ಲಿ, ಅದಕ್ಕೆ 160 ಅಕ್ಷರದ ಮಿತಿ. ಅದರಲ್ಲಿ ಹೆಸರಿಗೆ ಜಾಗ ಬಿಟ್ಟು 140 ಇಟ್ಟರು. 2017ರಲ್ಲಿ 280 ಆಯಿತು. ಕನ್ನಡಕ್ಕೆ ಅದೂ ಇಕ್ಕಟ್ಟು. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ, ಅಲ್ಲಿನ ಲೆಕ್ಕಕ್ಕೆ ಆರು! ಒತ್ತಕ್ಷರ ಜಾಸ್ತಿ ಇರುವ ಪದ ಕಂಡರೆ ನನಗೆ ಭಯ ಶುರುವಾಗಿತ್ತು. ‘ಪ್ರಯತ್ನ’ ಹೋಗಿ ‘ಯತ್ನ’ ಬಂತು. ಓದುವವರು ಯಾರೂ ಹಾಗೆ ಬರೆ ಅಂದಿರಲಿಲ್ಲ. ಮೂಲೆಯಲ್ಲಿ ಇಳಿಯುತ್ತಿದ್ದ ಅಂಕಿ ಬರೆಸಿತು.

ರಾಗಿ ರೊಟ್ಟಿ:
ಅಕ್ಷರದ ಮಾತು ಬಿಡಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು? ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಾಟ್ಸಾಪ್ ಸುಳ್ಳು ನಂಬಿ, ಕಾರಿನಲ್ಲಿ ಬಂದವರನ್ನು ಜನ ಹೊಡೆದರು. ಹೈದರಾಬಾದಿನ ಎಂಜಿನಿಯರ್ ಒಬ್ಬರು ಸತ್ತೇಹೋದರು. ಅಂಥ ಸಾವುಗಳು ದೇಶದ ಹಲವು ಕಡೆ ಆದ ಮೇಲೆ ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದೇ ಚಾಟ್‌ಗೆ ಫಾರ್ವರ್ಡ್ ಅಂತ ಮಿತಿ ಹಾಕಿತು. 2020ರ ಏಪ್ರಿಲ್‌ನಲ್ಲಿ, ತುಂಬಾ ಕೈ ದಾಟಿ ಬಂದ ಮೆಸೇಜನ್ನು ಒಂದೇ ಚಾಟ್‌ಗೆ ಇಳಿಸಿತು. ತಪ್ಪೆಲ್ಲ ಜನರದ್ದೇ ಆಗಿದ್ದರೆ ಬಟನ್‌ಗೆ ಯಾಕೆ ಬೀಗ?

ಇನ್ನೊಂದು ಇದೆ. ಫಾರ್ವರ್ಡ್ ಆದದ್ದರಲ್ಲಿ ಮೊದಲು ಬರೆದವರ ಹೆಸರು ಇರುವುದಿಲ್ಲ. ಬರೆದವರು ಯಾರೋ, ಕಳಿಸಿದ್ದು ನಮ್ಮ ಮಾವ. ನಾವು ನಂಬುವುದು ಮಾವನನ್ನು.

ಜಗಲಿಕಟ್ಟೆ:
ಮಾವನ ಮಾತು ಒಪ್ಪಿದೆ. ಹಿಂದೆ ಗಾಳಿಮಾತು ಪಕ್ಕದೂರಿಗೆ ಹೋಗಬೇಕಾದರೂ ಸಂತೆ ದಿನ ಬರಬೇಕಿತ್ತು. ಆದರೆ ಮಿತಿ ಹಾಕಿದ ಮೇಲೂ ನಮ್ಮ ಬೀದಿ ಗ್ರೂಪಿನ ಒಬ್ಬರು ಐದೈದಾಗಿ ಕೂತು ಕಳಿಸುತ್ತಾರೆ. ಅವರಿಗೆ ಯಾವ ಬೀಗ?

ನಿದ್ದೆಗೆಟ್ಟವಳು:
ನನಗೆ 24 ಗಂಟೆಯಲ್ಲಿ ಅಳಿಸಿಹೋಗುವ ಸ್ಟೇಟಸ್ ಇಷ್ಟ. ಫೇಸ್‌ಬುಕ್‌ನಲ್ಲಿ 2011ರಲ್ಲಿ ಬರೆದ ಪೆದ್ದು ಸಾಲು ವರ್ಷಾ ವರ್ಷಾ ನೆನಪು ಅಂತ ಎದುರಿಗೆ ಬಂದು ನಿಲ್ಲುತ್ತದೆ. ಸ್ಟೇಟಸ್‌ನಲ್ಲಿ ತಳ ಹಿಡಿದ ಅನ್ನದ ಫೋಟೋನೂ ಹಾಕುತ್ತೇನೆ, ನಾಳೆಗೆ ಇರಲ್ಲ ಅನ್ನುವ ಧೈರ್ಯ. ಆದರೆ ಯಾರು ನೋಡಿದರು ಅಂತ ಪಟ್ಟಿ ಬೇರೆ ಕೊಡುತ್ತದಲ್ಲ! ಒಬ್ಬರಿಗೋಸ್ಕರ ಹಾಕುವುದು, ಅವರ ಹೆಸರು ಬಂತಾ ಅಂತ ಹತ್ತು ಸಲ ನೋಡುವುದು. ನಗಬೇಡಿ, ನೀವೂ ಮಾಡಿದ್ದೀರಿ.

ಹಳೇ ಆರ್ಕುಟಿಗ:
ನಾನು ಮಾಡಿಲ್ಲ. ಸರಿ, ಎರಡು ಸಲ.

ರಾಗಿ ರೊಟ್ಟಿ:
ಅದಿರಲಿ. ಇಂಥದ್ದೇ ರೀಲ್ ಒಂದು ನೋಡಿ ನಾನೂ ಹೋಳಿಗೆಗೆ ಇಳಿದೆ. ಹೂರಣ ನೀರಾಯಿತು. ಬೆಲ್ಲ ಎಷ್ಟು ಅಂತ ಅದರಲ್ಲಿ ಎಲ್ಲೂ ಇಲ್ಲ. ಚಿಕ್ಕಮ್ಮನ ವಾಯ್ಸ್ ನೋಟ್ ಇಲ್ಲಿ ಹಾಕುತ್ತೀರಾ?

ಹೂರಣದ ಹುಡುಗಿ:
ಕೇಳಿದೆ. “ಅದರಲ್ಲಿ ನಿನ್ನ ಚಿಕ್ಕಪ್ಪನಿಗೆ ಬೈದಿದ್ದೀನಿ ಕಣೇ, ಹೊರಗೆ ಬಿಡಬೇಡ” ಅಂದರು. ಅಳತೆ ಮಾತ್ರ ಹೇಳುತ್ತೇನೆ: ಒಂದು ಲೋಟ ಬೇಳೆಗೆ ಒಂದು ಲೋಟ ಬೆಲ್ಲ. ಬೇಳೆ ಬೆಂದ ಮೇಲೆ ಕಟ್ಟನ್ನು ಪೂರ್ತಿ ಬಸಿಯಿರಿ. ಚೆಲ್ಲಬೇಡಿ, ಸಾರಿಗೆ ಬೇಕು.