ಗಾಳ ಹಾಕೋಕೆ ಪೆಡಲ್ ಕಯಾಕ್: ರೆಕ್ಕೆಯದ್ದು ಒಳ್ಳೆಯದಾ, ಪ್ರೊಪೆಲ್ಲರ್‌ದಾ?

ಗಂಗೊಳ್ಳಿ ಹುಡುಗ (ಆಸ್ಟಿನ್, ಟೆಕ್ಸಸ್)

ನಮಸ್ಕಾರ ಎಲ್ಲರಿಗೂ. ಇಷ್ಟು ದಿನ ದಡದಲ್ಲಿ ನಿಂತೇ ಗಾಳ ಹಾಕುತ್ತಿದ್ದೆ. ಈಚೆಗೆ ಸ್ನೇಹಿತರ ಸಾದಾ ಕಯಾಕ್ (ಹುಟ್ಟು ಹಾಕುವ ಕಿರುದೋಣಿ) ತೆಗೆದುಕೊಂಡು ಇಲ್ಲಿನ ಲೇಡಿ ಬರ್ಡ್ ಕೆರೆಗೆ ಇಳಿದೆ, ಅಲ್ಲಿಂದ ಹುಚ್ಚು ಹತ್ತಿದೆ. ಆದರೆ ಸ್ವಲ್ಪ ಗಾಳಿ ಬಂದರೂ ಸಾಕು, ಹುಟ್ಟು ಹಿಡಿಯಲಾ ರಾಡ್ ಹಿಡಿಯಲಾ ಅನ್ನುವ ಪಾಡು. ಎಸೆಯಬೇಕು ಅನ್ನುವಷ್ಟರಲ್ಲಿ ಕಯಾಕ್ ತಿರುಗಿ ಎಲ್ಲೋ ಹೋಗಿರುತ್ತದೆ. ಹಾಗಾಗಿ ಕಾಲಲ್ಲಿ ತುಳಿಯುವ ಪೆಡಲ್ ಇರುವುದನ್ನೇ ಕೊಳ್ಳೋಣ ಅಂತಿದ್ದೇನೆ. ತುಳಿದಾಗ ಕೆಳಗೆ ರೆಕ್ಕೆ ಬಡಿಯುವುದು ಒಂದು ಬಗೆ, ಪ್ರೊಪೆಲ್ಲರ್ ತಿರುಗುವುದು ಇನ್ನೊಂದು.

ವಾರದ ದಿನಗಳಲ್ಲಿ ಕೆಲಸ ಮುಗಿಸಿ ಇಲ್ಲೇ ಕೆರೆಯಲ್ಲಿ ಬಾಸ್ ಮೀನು ಹಿಡಿಯಬೇಕು. ಆಗಾಗ ಶನಿವಾರ ಸಮುದ್ರದ ಪಕ್ಕದ ಪೋರ್ಟ್ ಅರಾನ್ಸಸ್ ಕಡೆ ಹೋಗಿ ರೆಡ್‌ಫಿಶ್ ಹಿಡಿಯುವ ಆಸೆ. ಬಜೆಟ್ 2500 ಡಾಲರ್, ಲೈಫ್ ಜಾಕೆಟ್ ಎಲ್ಲ ಸೇರಿ. ಗಾಡಿ ರಾವ್4, ಟ್ರೇಲರ್ ಇಲ್ಲ. ಬಲ ಮಂಡಿ ಒಮ್ಮೊಮ್ಮೆ ನೋಯುತ್ತದೆ. ಯೂಟ್ಯೂಬ್ ನೋಡಿದಷ್ಟೂ ತಲೆ ಕೆಡುತ್ತಿದೆ, ಒಬ್ಬರು ರೆಕ್ಕೆಯೇ ಬೇಕು ಅಂತಾರೆ, ಇನ್ನೊಬ್ಬರು ಪ್ರೊಪೆಲ್ಲರ್ ಬಿಟ್ಟು ಬೇರೆ ನೋಡಲೇಬೇಡಿ ಅಂತಾರೆ. ಬಳಸಿದವರು ಹೇಳಿ.

ಉಪ್ಪುನೀರು

ಮೊದಲು ನೀರಿನ ಆಳ ನೋಡಿ, ಆಮೇಲೆ ಕಂಪನಿ. ನೀವು ಹೇಳಿದ ಎರಡು ಜಾಗಗಳು ಒಂದಕ್ಕೊಂದು ಪೂರ್ತಿ ಬೇರೆ.

ಅರಾನ್ಸಸ್ ಪಾಸ್‌ನಿಂದ ಪೋರ್ಟ್ ಅರಾನ್ಸಸ್‌ಗೆ ಹೋಗುವ 361ನೇ ಹೆದ್ದಾರಿ ಪಕ್ಕದಲ್ಲೇ ಲೈಟ್‌ಹೌಸ್ ಲೇಕ್ಸ್ ಅನ್ನುವ ಜಾಗ ಇದೆ. ಟೆಕ್ಸಸ್‌ನಲ್ಲಿ ಕಯಾಕ್ ಮೀನುಗಾರಿಕೆಗೆ ತುಂಬಾ ಹೆಸರಾದದ್ದು. ನಿಮ್ಮ ಗಂಗೊಳ್ಳಿ ಹಿನ್ನೀರಿನ ಕಾಂಡ್ಲಾ ಗಿಡಗಳ ಜಾತಿಯವೇ ಅಲ್ಲೂ ಇವೆ, ಸ್ವಲ್ಪ ಗಿಡ್ಡ. ಅವುಗಳ ನಡುವೆ ಎಷ್ಟೋ ಕಡೆ ನೀರು ಮೊಣಕಾಲುದ್ದವೂ ಇರುವುದಿಲ್ಲ, ತಳದಲ್ಲಿ ಹುಲ್ಲು, ಅಲ್ಲಲ್ಲಿ ಸಿಂಪಿಯ ರಾಶಿ. ರೆಡ್‌ಫಿಶ್ ತಲೆ ಕೆಳಗೆ ಮಾಡಿ ಏಡಿ ಹುಡುಕುವಾಗ ಬಾಲ ನೀರಿನ ಮೇಲೆ ಬರುತ್ತದೆ, ಆ ಬಾಲದ ಬುಡದಲ್ಲಿರುವ ಕಪ್ಪು ಚುಕ್ಕಿ ಕಾಣುವಷ್ಟು ಹತ್ತಿರ ಹೋಗಬಹುದು, ಸದ್ದು ಮಾಡದಿದ್ದರೆ ಮಾತ್ರ.

ಅಂಥ ನೀರಿಗೆ ರೆಕ್ಕೆಯೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಹೋಬಿ ಕಂಪನಿಯವರ ಮಿರಾಜ್ ಡ್ರೈವ್ ಅನ್ನುವ ರೆಕ್ಕೆ ಯಂತ್ರ 1997ರಲ್ಲಿ ಬಂದದ್ದು. ಕಯಾಕ್ ಕೆಳಗೆ ಎರಡು ರೆಕ್ಕೆ ಅಡ್ಡಡ್ಡ ಬಡಿಯುತ್ತವೆ. ಒಂದು ಪೆಡಲನ್ನು ಪೂರ್ತಿ ಮುಂದೆ ಒತ್ತಿ ಹಿಡಿದರೆ ಎರಡೂ ರೆಕ್ಕೆ ತಳಕ್ಕೆ ಅಂಟಿಕೊಂಡಂತೆ ಮಲಗುತ್ತವೆ, ಸಣ್ಣ ಸಣ್ಣ ತುಳಿತದಲ್ಲಿ ತೆಳು ನೀರಲ್ಲೂ ಮುಂದೆ ಹೋಗಬಹುದು. ಪ್ರೊಪೆಲ್ಲರ್‌ಗೆ ಹೆಚ್ಚು ಕಡಿಮೆ ಒಂದೂವರೆ ಅಡಿ ನೀರು ಬೇಕೇ ಬೇಕು. ಹುಲ್ಲು ಸುತ್ತಿಕೊಂಡರೆ ಯಂತ್ರ ಮೇಲೆತ್ತಿ ಕೈಯಿಂದ ಬಿಡಿಸುತ್ತಾ ಕೂರಬೇಕು, ಅಷ್ಟರಲ್ಲಿ ಮೀನು ಜಾಗ ಬಿಟ್ಟಿರುತ್ತದೆ. ಇನ್ನೊಂದು ವಿಷಯ, 2013ರಿಂದ ಟೆಕ್ಸಸ್ ಕರಾವಳಿಯಲ್ಲಿ ಪ್ರೊಪೆಲ್ಲರ್‌ನಿಂದ ಸಮುದ್ರದ ಹುಲ್ಲನ್ನು ಬೇರು ಸಮೇತ ಕೀಳುವುದು ಅಪರಾಧ. ಮರಿಮೀನು, ಸಿಗಡಿ ಬೆಳೆಯುವುದೇ ಆ ಹುಲ್ಲಲ್ಲಿ. ಪ್ರೊಪೆಲ್ಲರ್ ಕಯಾಕೇ ಕೊಂಡರೂ ತೆಳು ನೀರು ಬಂದ ಕೂಡಲೇ ಎತ್ತಿ, ಹುಟ್ಟು ಹಾಕಿ.

ಬಾಸ್ ಪ್ರೇಮಿ

ಉಪ್ಪುನೀರು ಅಣ್ಣ ಹೇಳಿದ್ದು ಸಮುದ್ರದ ಕಡೆಗೆ ನಿಜ. ಆದರೆ ಇವರು ವಾರಪೂರ್ತಿ ಹೋಗುವುದು ಕೆರೆಗೆ ಅಲ್ವಾ? ಕೆರೆಯಲ್ಲಿ ನನಗೆ ಪ್ರೊಪೆಲ್ಲರ್ ಇಷ್ಟ, ಕಾರಣ ಒಂದೇ: ಹಿಂದೆ ತುಳಿದರೆ ಹಿಂದೆ ಬರುತ್ತದೆ. ಬಿದ್ದ ಮರದ ಕೊಂಬೆಯೊಳಗಿಂದ ಬಾಸ್ ಎಳೆಯುವಾಗ ಎರಡೂ ಕೈ ರಾಡ್ ಮೇಲೆ ಇರುತ್ತದೆ, ಕಾಲಿಂದಲೇ ಕಯಾಕನ್ನು ಹಿಂದಕ್ಕೆ ತೆಗೆದುಕೊಂಡು ಮೀನನ್ನು ಬಯಲಿಗೆ ತರುತ್ತೀರಿ. ರೆಕ್ಕೆಯದ್ದರಲ್ಲಿ ಹಳೆಯ ಮಾದರಿಗಳಿಗೆ ರಿವರ್ಸೇ ಇಲ್ಲ. ಹೋಬಿಯ ಆಮೇಲಿನ ಮಿರಾಜ್ 180ರಲ್ಲಿ ಇದೆ, ಆದರೆ ದಾರ ಎಳೆದು ರೆಕ್ಕೆ ತಿರುಗಿಸಬೇಕು, ಆ ಹೊತ್ತಲ್ಲಿ ಅದೂ ಒಂದು ಕೆಲಸವೇ.

ಮಂಡಿ ವಿಷಯ ಮಾತ್ರ ಸುಮ್ನೆ ಬಿಡಬೇಡಿ. ಪ್ರೊಪೆಲ್ಲರ್ ಅಂದರೆ ಸೈಕಲ್ ತುಳಿದ ಹಾಗೆ ಪೂರ್ತಿ ಸುತ್ತು, ಮಂಡಿ ಮೇಲೆ ಬಂದು ಮಡಚುತ್ತದೆ. ರೆಕ್ಕೆಯದ್ದು ಮುಂದೆ ಹಿಂದೆ ಒತ್ತುವುದು ಅಷ್ಟೇ. ಯಾವುದು ನಿಮ್ಮ ಮಂಡಿಗೆ ಆಗುತ್ತದೆ ಅಂತ ಬೇರೆಯವರು ಹೇಳೋಕಾಗಲ್ಲ. ಎಷ್ಟೋ ಅಂಗಡಿಯವರು ನೀರಲ್ಲಿ ಓಡಿಸಿ ನೋಡಲು ಕೊಡುತ್ತಾರೆ. ಹತ್ತು ನಿಮಿಷ ಸಾಲದು, ಒಂದು ಗಂಟೆ ಕೇಳಿ, ಗಾಳಿ ಇರುವ ದಿನವೇ ಹೋಗಿ. ಸೀಟಿನಿಂದ ಪೆಡಲ್‌ವರೆಗಿನ ದೂರ ನಿಮ್ಮ ಕಾಲಿಗೆ ಸರಿಯಾಗಿ ಹೊಂದಿಸಿಕೊಂಡ ಮೇಲೇ ತೀರ್ಮಾನ ಮಾಡಿ.

ಹಳೇ ಸರಕು

ಇಬ್ಬರೂ ಯಂತ್ರದ ಬಗ್ಗೆಯೇ ಮಾತಾಡಿದಿರಿ, ತೂಕದ ಮಾತೇ ಎತ್ತಲಿಲ್ಲ! ಇವರ ಹತ್ತಿರ ಟ್ರೇಲರ್ ಇಲ್ಲ, ಒಬ್ಬರೇ ಎತ್ತಬೇಕು. ಹತ್ತರಿಂದ ಹನ್ನೆರಡು ಅಡಿಯ ಹೆಚ್ಚಿನ ಪೆಡಲ್ ಕಯಾಕ್‌ಗಳು ಸೀಟು, ಯಂತ್ರ, ಚುಕ್ಕಾಣಿ ಎಲ್ಲ ಸೇರಿದರೆ ನೂರು ಪೌಂಡಿನ ಆಚೀಚೆ ಬರುತ್ತವೆ. ಹೋಬಿಯ ಪ್ರೊ ಆಂಗ್ಲರ್ 14 ತರಹದ್ದು ಇನ್ನೂ ಜಾಸ್ತಿ, 38 ಇಂಚು ಅಗಲ, ಅದನ್ನು ಟ್ರೇಲರ್ ಇಲ್ಲದವರು ನೋಡಲೇಬಾರದು. ನಿಂತು ಗಾಳ ಹಾಕಲು ಅದರಷ್ಟು ಆರಾಮ ಬೇರೆ ಇಲ್ಲ ಅನ್ನುವುದು ಸರಿ, ಆದರೆ ಸಂಜೆ ಕೆಲಸ ಮುಗಿಸಿ ಬಂದು ಅದನ್ನು ಗಾಡಿ ಮೇಲೆ ಏರಿಸಬೇಕು ಅಂದರೆ ಎರಡು ವಾರದಲ್ಲಿ ಉತ್ಸಾಹ ಇಳಿದು ಅದು ಗ್ಯಾರೇಜಲ್ಲೇ ಧೂಳು ತಿನ್ನುತ್ತದೆ. ಗಾಡಿಯ ಪುಸ್ತಕದಲ್ಲಿ ಛಾವಣಿ ಎಷ್ಟು ತೂಕ ತಡೆಯುತ್ತದೆ ಅಂತ ಬರೆದಿರುತ್ತದೆ, ರ‍್ಯಾಕಿನ ತೂಕವೂ ಅದರೊಳಗೇ ಬರಬೇಕು. ಒಂದು ಸಣ್ಣ ಟ್ರೇಲರ್‌ಗೆ ಬಜೆಟ್‌ನಲ್ಲಿ ಜಾಗ ಮಾಡಿ ಅಂತಲೇ ನಾನು ಹೇಳುವುದು.

ಹಾಗೆ ಮಾಡಿದರೆ ಹೊಸದು ಕೊಳ್ಳಲು ದುಡ್ಡು ಉಳಿಯಲ್ಲ, ಹಳೆಯದು ನೋಡಿ. ಬೇಸಿಗೆ ಮುಗಿಯುವ ಹೊತ್ತಿಗೆ ಮಾರುವವರು ಜಾಸ್ತಿ. ನೋಡಲು ಹೋದಾಗ ಕಯಾಕನ್ನು ಮಗುಚಿ ಹಾಕಿಸಿ. ಯಂತ್ರ ಕೂರುವ ತೂತಿನ ಮೂಲೆಗಳಲ್ಲಿ ಬೆರಳಾಡಿಸಿ, ಕೂದಲೆಳೆಯಂಥ ಬಿರುಕು ಅಲ್ಲೇ ಶುರುವಾಗುವುದು. ನೀರು ಬಸಿಯುವ ಸ್ಕಪ್ಪರ್ ತೂತುಗಳನ್ನೂ ಹಾಗೆಯೇ ನೋಡಿ, ತಳ್ಳುಗಾಡಿಯ ಕಂಬಿಯನ್ನು ಆ ತೂತಿಗೆ ಚುಚ್ಚಿ ಎಳೆದವರ ಕಯಾಕ್ ಅಲ್ಲಿ ಸೀಳಿರುತ್ತದೆ. ಒಳಗೆ ಒಂದೆರಡು ಬಕೆಟ್ ನೀರು ಸುರಿಸಿ ಹೊರಗೆ ಜಿನುಗುತ್ತದಾ ನೋಡಿ, ಬೇಡ ಅಂದವರ ಹತ್ತಿರ ಕೊಳ್ಳಬೇಡಿ. ರೆಕ್ಕೆಯದ್ದಾದರೆ ಚೈನು, ಕೇಬಲ್ ತುಕ್ಕು ಹಿಡಿದಿದೆಯಾ ಅಂತ ನೋಡಿ. ಪ್ರೊಪೆಲ್ಲರ್‌ದಾದರೆ ಪೆಡಲನ್ನು ಕೈಯಲ್ಲಿ ನಿಧಾನ ತಿರುಗಿಸಿ, ಗರಗರ ಅಂದರೆ ಗೇರಿನೊಳಗೆ ಮರಳೋ ನೀರೋ ಹೋಗಿದೆ.

ಗಂಗೊಳ್ಳಿ ಹುಡುಗ

ತುಂಬಾ ಉಪಕಾರ. ಟ್ರೇಲರ್ ಯೋಚನೆ ತಲೆಗೆ ಬಂದೇ ಇರಲಿಲ್ಲ, ಅದನ್ನು ಎಳೆಯಲು ಗಾಡಿಗೆ ಹುಕ್ ಹಾಕಿಸಲು ವಿಚಾರಿಸುತ್ತೇನೆ. ಹಾಗಾದರೆ ಹಳೆಯ ಹೋಬಿ ಔಟ್‌ಬ್ಯಾಕ್, ರಿವರ್ಸ್ ಇರುವ ಮಾದರಿ ಸಿಕ್ಕರೆ ಎರಡೂ ಕಡೆಗೆ ಆಗುತ್ತದಾ?

ಉಪ್ಪುನೀರು

ಆಗುತ್ತದೆ, ಕಣ್ಣು ಮುಚ್ಚಿ ತೆಗೆದುಕೊಳ್ಳಿ ಅಂತ ಹೇಳಲ್ಲ, ಮೇಲೆ ಹೇಳಿದ ಹಾಗೆ ಬಿರುಕು ನೋಡಿ. 2019ರಿಂದ ಈಚಿನದ್ದು 12 ಅಡಿ 9 ಇಂಚು ಉದ್ದ, 34 ಇಂಚು ಅಗಲ, ಕೊಲ್ಲಿಯ ಅಲೆಗೂ ಕೆರೆಗೂ ಹೊಂದುವ ಅಳತೆ.

ಸಮುದ್ರದ ಕಡೆ ಹೋಗುವ ಮುಂಚೆ ಇಷ್ಟು ಕೇಳಿ. ಇಲ್ಲಿ ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಆಗ್ನೇಯದ ಗಾಳಿ ಏರುತ್ತದೆ. ಬೆಳಿಗ್ಗೆ ಗಾಳಿಗೆ ಎದುರಾಗಿ ಹೋಗಿ, ಸುಸ್ತಾದಾಗ ಗಾಳಿಯೇ ವಾಪಸ್ ತಳ್ಳಿಕೊಂಡು ಬರುತ್ತದೆ. ಪೆಡಲ್ ಇದೆ ಅಂತ ಹುಟ್ಟು ಮನೆಯಲ್ಲಿ ಬಿಡಬೇಡಿ, ಯಂತ್ರವನ್ನು ಹಗ್ಗದಿಂದ ಕಟ್ಟಿರಿ. ಜಾಕೆಟ್ ಕಯಾಕ್‌ನಲ್ಲಿ ಇದ್ದರೆ ದೊಡ್ಡವರಿಗೆ ಕಾನೂನಿನ ಪ್ರಕಾರ ಸಾಕು, ಆದರೆ ಮೈಮೇಲೆ ಇಲ್ಲದ ಜಾಕೆಟ್ ಯಾರನ್ನೂ ಉಳಿಸಲ್ಲ. ನೀರಿಗೆ ಬಿದ್ದು ಮತ್ತೆ ಹತ್ತುವುದನ್ನು ಮೊದಲೇ ಅಭ್ಯಾಸ ಮಾಡಿ. ಲೇಡಿ ಬರ್ಡ್‌ನಲ್ಲಿ ಈಜಲು ಬಿಡುವುದಿಲ್ಲ, ಟ್ರಾವಿಸ್ ಕೆರೆಗೆ ಹೋಗಿ, ಜೊತೆಗೊಬ್ಬರು ಇರಲಿ.

ಬಾಸ್ ಪ್ರೇಮಿ

ಟ್ರಾವಿಸ್‌ನಿಂದ ಬಂದ ಮೇಲೆ ಒಳಗಿನ ನೀರು ಪೂರ್ತಿ ಬಸಿದು, ಒರೆಸಿ, ಒಣಗಿಸಿ. ಅಲ್ಲಿ ಜೀಬ್ರಾ ಮಸಲ್ ಅನ್ನುವ ಸಣ್ಣ ಚಿಪ್ಪುಜೀವಿ ಇದೆ, ಕಣ್ಣಿಗೆ ಕಾಣದ ಮರಿಗಳು ನೀರಿನ ಜೊತೆ ಬೇರೆ ಕೆರೆಗೆ ಹೋಗುತ್ತವೆ, ನೀರು ಬಸಿಯುವುದು ಕಾನೂನು ಕೂಡ. ಲೈಸೆನ್ಸ್ ಮಾಡಿಸುವಾಗ ಸಿಹಿನೀರು, ಉಪ್ಪುನೀರು ಎರಡೂ ಸೇರಿದ್ದನ್ನು ಕೇಳಿ. ಮುಂದೆ ಯಾವಾಗಾದರೂ ಎಲೆಕ್ಟ್ರಿಕ್ ಮೋಟಾರ್ ಹಾಕಬೇಕು ಅನಿಸಿದರೆ ಅದಕ್ಕೆ ರಿಜಿಸ್ಟ್ರೇಷನ್ ಬೇಕು, ಪೆಡಲ್‌ಗೆ ಬೇಡ.